ಕರ್ತೃ ಯಾರು?

ಜೂನ್ 20

ಅಪ್ಪಾ,

ಹೋದ ತಿಂಗಳ ನನ್ನ ಪತ್ರ ನಿಮ್ಮ ಕೆಂಪು ಶಾಯಿ ಮೆತ್ತಿಕೊಂಡು ವಾಪಸು ಬಂತು. ಹದಿನೇಳು ತಪ್ಪು. ಒಂದು ವಾಕ್ಯದ ಪಕ್ಕದಲ್ಲಿ ನಿಮ್ಮ ಮಾಮೂಲಿ ಪ್ರಶ್ನೆ: "ಕರ್ತೃ ಯಾರು?" ಹತ್ತು ದಿನ ಜ್ವರದಲ್ಲಿ ಮಲಗಿದ್ದೆ ಎಂದು ಅದೇ ಪತ್ರದಲ್ಲಿ ಬರೆದಿದ್ದೆ. ಅದಕ್ಕೆ ಒಂದಕ್ಷರದ ಉತ್ತರವೂ ಇರಲಿಲ್ಲ. ರಿಟೈರ್ ಆದ ಮೇಲೂ ವ್ಯಾಕರಣದ ಮೇಷ್ಟ್ರ ಕೈ ಸುಮ್ಮನಿರುವುದಿಲ್ಲ, ಸರಿ. ಇಡೀ ದಿನ ಅಚ್ಚುಕೂಟದಲ್ಲಿ ಕೂತು ಊರವರ ಕರಡು ತಿದ್ದುತ್ತೀರಲ್ಲ, ಅದು ಸಾಲದೇ?

ಈ ವರ್ಷ ನನಗೆ ನಾಲ್ಕನೇ ತರಗತಿ. ಮೂವತ್ತೊಂದು ಮಕ್ಕಳು. ತರಬೇತಿಗೆ ಹೋಗಿ ಒಂದು ಹೊಸ ಪದ್ಧತಿ ಕಲಿತು ಬಂದಿದ್ದೇನೆ. ಪಾಠ ಮುಗಿಸಿ ಪ್ರಶ್ನೆ ಕೇಳುವುದಲ್ಲ. ಮಕ್ಕಳ ಕಣ್ಣೆದುರಿನ ಒಂದು ನಿಜವಾದ ತೊಂದರೆ ಹಿಡಿದು, ಅದರ ಬಗ್ಗೆ ಒಂದು ದೊಡ್ಡ ಪ್ರಶ್ನೆ ಮಾಡಿ ಗೋಡೆಗೆ ಅಂಟಿಸುವುದು. ದಾರಿಪ್ರಶ್ನೆ ಎನ್ನುತ್ತೇವೆ. ಅದು ಹೌದು, ಅಲ್ಲ ಎಂದು ಮುಗಿಯಬಾರದು. ಪುಸ್ತಕದಲ್ಲಿ ಉತ್ತರ ಇರಬಾರದು. ಟೀಚರ್‌ಗೂ ಗೊತ್ತಿರಬಾರದು. ಉತ್ತರ ಹುಡುಕುತ್ತಾ ಮಕ್ಕಳು ಅಳೆಯುವುದು, ಎಣಿಸುವುದು, ಬರೆಯುವುದು ಎಲ್ಲವನ್ನೂ ತಾವೇ ಕಲಿಯುತ್ತಾರೆ.

ನಮ್ಮ ಪ್ರಶ್ನೆ ಇದು: "ನಮ್ಮ ಶಾಲೆಯಲ್ಲಿ ಯಾರೂ ಬೀಳದ ಹಾಗೆ ಏನು ಮಾಡಬಹುದು?" ಈ ಶಾಲೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟಿಕೊಂಡ ಮಕ್ಕಳು ವಿಪರೀತ. ಯಾರನ್ನು ಕೇಳಿದರೂ "ಬಿದ್ದೆ ಟೀಚರ್" ಅನ್ನುತ್ತವೆ.

ನಿಮ್ಮ ಶಿಷ್ಯನೊಬ್ಬ ಇಲ್ಲೇ ಆಟದ ಮೇಷ್ಟ್ರು. ನಿಮ್ಮ ತರಗತಿಯಲ್ಲಿ ನನ್ನ ಹಿಂದೆ, ಎರಡನೇ ಬೆಂಚಿನಲ್ಲಿ ಕೂರುತ್ತಿದ್ದವನು. ಮಕ್ಕಳು ಸೀಟಿ ಮೇಷ್ಟ್ರು ಎನ್ನುತ್ತಾರೆ. ಸಿಕ್ಕಾಗಲೆಲ್ಲ ಒಂದೇ ಮಾತು: "ನಿಮ್ಮಪ್ಪನ ಏಟು ತಿಂದೇ ಕಣೇ ನಾನು ಮನುಷ್ಯ ಆಗಿದ್ದು."

ನನ್ನ ಪ್ರಶ್ನೆ ಹೇಗಿದೆ, ಹೇಳಿ. ಕಾಗುಣಿತ ಬೇಡ.

ನಿಮ್ಮ ಮಗಳು


ಜುಲೈ 2

ಮಗಳೇ,

ಪತ್ರ ತಿದ್ದಿ ಜೊತೆಗೆ ಇಟ್ಟಿದ್ದೇನೆ. ಒಂಬತ್ತು ತಪ್ಪು. ಸುಧಾರಿಸಿದ್ದೀಯೆ.

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಮೇಷ್ಟ್ರಾದವನು ಕೇಳಬಾರದು. ಮಕ್ಕಳು ಮುಖ ನೋಡುತ್ತವೆ. ಮುಖದಲ್ಲಿ ಉತ್ತರ ಕಾಣಲಿಲ್ಲವೋ, ತಲೆ ಮೇಲೆ ಹತ್ತಿ ಕೂರುತ್ತವೆ.

ಮೂವತ್ತೈದು ವರ್ಷ ನಾನು ಕೇಳಿದ್ದು ಒಂದೇ ಪ್ರಶ್ನೆ. ವಾಕ್ಯ ಬರೆಸುವುದು, "ಕರ್ತೃ ಯಾರು?" ಎಂದು ಕೇಳುವುದು. ಕ್ರಿಯೆ ಇದ್ದ ಮೇಲೆ ಅದನ್ನು ಮಾಡಿದವನು ಇರಬೇಕು, ಅವನನ್ನು ತೋರಿಸು ಎಂದು. ತೋರಿಸದವನ ಕೆನ್ನೆಗೆ ಒಂದು. ಆಮೇಲೆ ಸಾಯುವ ತನಕ ಮರೆಯುತ್ತಿರಲಿಲ್ಲ. ನಿನ್ನ ಆಟದ ಮೇಷ್ಟ್ರನ್ನೇ ಕೇಳಿ ನೋಡು. ಅವನಿಗೆ ನನ್ನ ಆಶೀರ್ವಾದ ತಿಳಿಸು.

ಬೀಳುವ ಮಕ್ಕಳು ಬಿದ್ದೇ ಬೀಳುತ್ತವೆ. ನೀನೂ ಒಂಬತ್ತನೇ ವಯಸ್ಸಿನಲ್ಲಿ ಕಟ್ಟೆಯ ಮೇಲೆ ಕುಣಿದು ಬಿದ್ದು ಎಡಗಿವಿ ಕಿವುಡು ಮಾಡಿಕೊಂಡವಳು. ಗೋಡೆಗೆ ಪ್ರಶ್ನೆ ಅಂಟಿಸಿದ್ದರೆ ಅದು ನಿಲ್ಲುತ್ತಿತ್ತೇ?

ನಿನ್ನ ತಂದೆ


ಜುಲೈ 19

ಅಪ್ಪಾ,

ನೀವು ನಕ್ಕರೆ ನಗಿ, ನನ್ನ ಮಕ್ಕಳು ಶಾಲೆಯನ್ನೇ ತಲೆಕೆಳಗು ಮಾಡಿದ್ದಾರೆ. ನಾಲ್ಕು ಹಾಳೆ ಜೋಡಿಸಿ ಇಡೀ ಶಾಲೆಯ ನಕ್ಷೆ ಬರೆದರು. ಎಲ್ಲ ತರಗತಿಗೂ ಚೀಟಿ ಹಂಚಿದರು. ಚೀಟಿಯಲ್ಲಿ ಮೂರು ಪ್ರಶ್ನೆ: ಎಲ್ಲಿ? ಯಾವಾಗ? ಏನಾಯಿತು? ಒಂದು ಚೀಟಿ ಬಂದರೆ ನಕ್ಷೆಯಲ್ಲಿ ಒಂದು ಕೆಂಪು ಚುಕ್ಕೆ.

ಹಿಂದಿನ ಮೆಟ್ಟಿಲಿನ ಮೇಲೆ ಹದಿನಾಲ್ಕು ಚುಕ್ಕೆ ಬಿದ್ದವು. ಸ್ಕೇಲ್ ಹಿಡಿದು ಹೋದರು. ಮೂರನೇ ಮೆಟ್ಟಿಲು ಉಳಿದವಕ್ಕಿಂತ ಎರಡು ಬೆರಳು ಎತ್ತರ! ಇಷ್ಟು ವರ್ಷ ಯಾವ ದೊಡ್ಡವರಿಗೂ ಕಾಣದ್ದು. ಗಾರೆಯವರು ಬಂದು ಸರಿಮಾಡಿ ಹೋದರು, ಮಕ್ಕಳು ಅವರ ಕೆಲಸವನ್ನೂ ಅಳೆದು ನೋಡಿ ಒಪ್ಪಿಕೊಂಡರು. ನಲ್ಲಿಯ ಹತ್ತಿರ ಒಂಬತ್ತು ಚುಕ್ಕೆ, ಅಲ್ಲಿ ಪಾಚಿ. ಅದನ್ನೂ ಉಜ್ಜಿ ತೆಗೆದಾಯಿತು.

ಒಂದು ಮಾತ್ರ ಬಗೆಹರಿದಿಲ್ಲ. ಆಟದ ಸಾಮಾನಿನ ಕೋಣೆಯಲ್ಲಿ ಹನ್ನೊಂದು ಚುಕ್ಕೆ. ಅಲ್ಲಿ ಮೆಟ್ಟಿಲಿಲ್ಲ, ನೀರಿಲ್ಲ, ನೆಲದ ಮೇಲೆ ದಪ್ಪ ಹಾಸು ಬೇರೆ. "ಹಾಸು ಇರೋ ಕಡೆ ಹೇಗೆ ಬೀಳ್ತಾರೆ ಟೀಚರ್?" ಅಂತ ಕೇಳಿದರು. "ಓಡಾಡಿ ಎಡವಿರ್ತಾರೆ" ಅಂದೆ.

ನನ್ನ ತರಗತಿಯಲ್ಲಿ ಒಬ್ಬಳಿದ್ದಾಳೆ, ಇರುವೆ. ಹಾಜರಿ ಕೂಗಿದಾಗ ಎಲ್ಲರೂ "ಪ್ರೆಸೆಂಟ್" ಅಂದರೆ ಇವಳು "ಇರುವೆ ಟೀಚರ್" ಅಂದಳು. ಅಂದಿನಿಂದ ಅದೇ ಹೆಸರು. ಆಳೂ ಇರುವೆಯಷ್ಟೇ. ಮಾತು ಕಡಿಮೆ, ನನ್ನ ಬಲಗಡೆಗೇ ಬಂದು ನಿಂತು ಮಾತಾಡಬೇಕೆಂದು ಎಲ್ಲರಿಗಿಂತ ಮೊದಲು ಕಂಡುಕೊಂಡವಳು. ಸಾಮಾನಿನ ಕೋಣೆಯ ಬಗ್ಗೆ ಅವಳು ಕೊಟ್ಟ ಚೀಟಿ ನೋಡಿ ನಿಮ್ಮ ನೆನಪಾಯಿತು. "ನಾನು ಬೀಳಲಿಲ್ಲ. ನನಗೆ ಬಿತ್ತು" ಅಂತ ಬರೆದಿದ್ದಳು. ನಾನು ಕೆಂಪು ಪೆನ್ನಿನಲ್ಲಿ ಗೀಟು ಹೊಡೆದು, ಮೇಲೆ "ನಾನು ಬಿದ್ದೆ" ಎಂದು ತಿದ್ದಿದೆ. ಅಂಚಿನಲ್ಲಿ "ಕರ್ತೃ ಯಾರು?" ಎಂದೂ ಬರೆದೆ. ಬರೆದ ಮೇಲೆ ನಗು ಬಂತು. ಅಪ್ಪನ ಮಗಳು ಹೌದು, ಬಿಡಿ.

ನಿಮ್ಮ ಮಗಳು


ಆಗಸ್ಟ್ 8

ಅಪ್ಪಾ,

ಇರುವೆಯ ಮಣಿಕಟ್ಟು ಮುರಿದಿದೆ.

ಸೋಮವಾರ ಆಟದ ಪೀರಿಯಡ್ ಮುಗಿದ ಮೇಲೆ ಬಲಗೈಯನ್ನು ಎಡಗೈಯಲ್ಲಿ ಹೊತ್ತುಕೊಂಡು ಬಂದಳು. ಕೀಲಿಲ್ಲದ ಕಡೆ ಕೈ ಬಾಗಿತ್ತು. ಅಳುತ್ತಿರಲಿಲ್ಲ. ತುಟಿ ಕಚ್ಚಿ ಕಚ್ಚಿ ರಕ್ತ ಬಂದಿತ್ತು. ಏನಾಯಿತೆಂದರೆ "ಬಿದ್ದೆ ಟೀಚರ್" ಅಂದಳು. ಆಸ್ಪತ್ರೆಯಲ್ಲಿ ಮೂಳೆ ಕೂರಿಸುವಾಗ ಅವಳನ್ನು ಅದುಮಿ ಹಿಡಿದುಕೊಂಡವಳು ನಾನು. ಆ ಕೂಗು ನನ್ನ ಕಿವುಡು ಕಿವಿಗೂ ಕೇಳಿಸಿತು. ಬ್ಯಾಂಡೇಜ್ ಒಣಗುತ್ತಿದ್ದಾಗ ಮತ್ತೆ ಕೇಳಿದೆ, ನಿಜವಾಗಿ ಬಿದ್ದೆಯಾ ಅಂತ. ನನ್ನ ಮುಖ ನೋಡಿ ಹೇಳಿದಳು: "ಬಿತ್ತು ಅಂತ ಬರ್ದಿದ್ದೆ. ಬಿದ್ದೆ ಅನ್ಬೇಕು ಅಂತ ನೀವೇ ತಿದ್ದಿದ್ರಲ್ಲ ಟೀಚರ್."

ಅಪ್ಪಾ, ಏಟು ಬಿತ್ತು. ಎರಡು ಬಿತ್ತು, ನಾಲ್ಕು ಬಿತ್ತು ಅನ್ನುವುದಿಲ್ಲವೇ ನಾವು? ಹುಟ್ಟಿದಾಗಿನಿಂದ ಆಡಿದ ಮಾತು. ಮಗು ಅದನ್ನೇ ಬರೆದಿತ್ತು. ನಾನು ಅದನ್ನು ವ್ಯಾಕರಣದ ತಪ್ಪು ಎಂದುಕೊಂಡೆ. ನನ್ನ ಕೈ ಕತ್ತರಿಸಿ ಹಾಕಬೇಕು ಅನ್ನಿಸುತ್ತದೆ.

ಆ ಹನ್ನೊಂದು ಮಕ್ಕಳನ್ನೂ ಒಬ್ಬೊಬ್ಬರಾಗಿ ಕೂರಿಸಿಕೊಂಡು ಕೇಳಿದೆ. ಸೀಟಿ ಮೇಷ್ಟ್ರು ಬಾಗಿಲು ಹಾಕುತ್ತಾನೆ. ಚೆಂಡನ್ನು ತಲೆ ಮೇಲೆ ಎತ್ತಿ ಹಿಡಿಯಬೇಕು, ಕೈ ಇಳಿಸಿದವರಿಗೆ ಸ್ಕಿಪ್ಪಿಂಗ್ ಹಗ್ಗದ ಮರದ ಹಿಡಿಯಿಂದ ಹೊಡೆತ. ಹೆಚ್ಚಾಗಿ ಅಂಗಾಲಿಗೆ, ಹೊರಗೆ ಕಾಣಬಾರದೆಂದು. ಇರುವೆಗೆ ಸೋಮವಾರ ಮಣಿಕಟ್ಟಿಗೇ ಹೊಡೆದಿದ್ದಾನೆ. ಒಬ್ಬ ಹುಡುಗನಿಗೆ ಅದೇ ಹಗ್ಗವನ್ನು ಕುತ್ತಿಗೆಗೆ ಸುತ್ತಿ ಎಳೆದಿದ್ದಾನೆ. ಹೊಡೆಯುವಾಗ ಬಾಯಲ್ಲಿ ಸೀಟಿ ಇಟ್ಟುಕೊಂಡು ಊದುತ್ತಿರುತ್ತಾನಂತೆ, ಅಳು ಹೊರಗೆ ಕೇಳಬಾರದಲ್ಲ. ಎರಡು ವರ್ಷದಿಂದ ಆ ಸೀಟಿ ಕೇಳಿ ನಾನು ಆಟ ಜೋರಾಗಿ ನಡೆದಿದೆ ಎಂದುಕೊಂಡಿದ್ದೆ.

ಹೆಡ್‌ಮಿಸ್‌ಗೆ ಹೇಳಿದೆ. "ಮುಂದಿನ ತಿಂಗಳು ಪೋಷಕರ ದಿನ ಇದೆ, ಮುಗೀಲಿ, ಆಮೇಲೆ ನೋಡೋಣ" ಅಂದರು. ಮೇಜು ಗುದ್ದಿ ಎದ್ದು ಬಂದೆ. ಅಲ್ಲಿಯವರೆಗೂ ಆ ಕೋಣೆಯ ಬಾಗಿಲಿನ ಎದುರೇ ನನ್ನ ಪಾಠ, ಮಕ್ಕಳನ್ನೆಲ್ಲ ಅಲ್ಲೇ ಕೂರಿಸುತ್ತೇನೆ.

ಗೋಡೆಯ ಪ್ರಶ್ನೆಯನ್ನು ಹರಿದು ಹಾಕಿದೆವು. "ಬೀಳದ ಹಾಗೆ" ಎನ್ನುವಾಗಲೇ ಎಲ್ಲರೂ ಬಿದ್ದವರೇ ಎಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಈಗಿನ ಪ್ರಶ್ನೆ: "ನಮ್ಮ ಶಾಲೆಯಲ್ಲಿ ಯಾರಿಗೂ ನೋವಾಗದ ಹಾಗೆ ಏನು ಮಾಡಬಹುದು?" ಚೀಟಿಗೆ ನಾಲ್ಕನೇ ಸಾಲು ಸೇರಿಸೋಣ ಅಂದವಳು ಇರುವೆ. ನಾನು ಅಂಚಿನಲ್ಲಿ ಬರೆದಿದ್ದನ್ನೇ ಎಡಗೈಯಲ್ಲಿ ಸೊಟ್ಟಸೊಟ್ಟಗೆ ಬರೆದು ತೋರಿಸಿದಳು: ಕರ್ತೃ ಯಾರು?

ಮನೆಗೆ ಬಂದು ನಾನೂ ಒಂದು ಚೀಟಿ ಬರೆಯಲು ಕೂತೆ. ವಯಸ್ಸು ಒಂಬತ್ತು. ಎಲ್ಲಿ? ಕಟ್ಟೆ ಎಂದು ಬರೆದೆ, ನೀವೂ ಅಮ್ಮನೂ ಹೇಳಿದ್ದು ಅದನ್ನೇ. ಆದರೆ ನನ್ನ ನೆನಪಿನಲ್ಲಿ ಬಾಯ್ತುಂಬ ಸೀಮೆಸುಣ್ಣದ ಪುಡಿ ಇದೆ. ಕಣ್ಣಿಗೆ ತೀರಾ ಹತ್ತಿರದಲ್ಲಿ ಒಂದು ಬೆಂಚಿನ ಕಾಲಿದೆ. ಕಟ್ಟೆಯ ಹತ್ತಿರ ಬೆಂಚು ಎಲ್ಲಿಂದ ಬಂತು ಅಪ್ಪಾ?

ನಿಮ್ಮ ಮಗಳು


ಆಗಸ್ಟ್ 16

ಮಗಳೇ,

ಪತ್ರ ತಲುಪಿತು. ಕಣ್ಣು ನೋವು, ತಿದ್ದಲಿಲ್ಲ.

ನೀನು ಬಿದ್ದೆ. ಡಾಕ್ಟರ ಕಾಗದದಲ್ಲೂ ಹಾಗೇ ಇದೆ. ಸತ್ತುಹೋದ ನಿನ್ನ ಅಮ್ಮನ ಮಾತನ್ನು ಈಗ ಸುಳ್ಳು ಮಾಡಬೇಡ.

ನಿನ್ನ ಆಟದ ಮೇಷ್ಟ್ರು ನನಗೆ ಬರೆದಿದ್ದಾನೆ. ಬಹಳ ಗೌರವದಿಂದ, ಒಂದೂ ತಪ್ಪಿಲ್ಲದೆ ಬರೆದಿದ್ದಾನೆ. ನೀನು ಅವನ ಮೇಲೆ ಹಗೆ ಸಾಧಿಸುತ್ತಿದ್ದೀಯಂತೆ, ನಾನು ಬುದ್ಧಿ ಹೇಳಬೇಕಂತೆ. ಹೇಳುತ್ತಿದ್ದೇನೆ. ಬಿಟ್ಟುಬಿಡು.

ನಿನ್ನ ತಂದೆ


ಸೆಪ್ಟೆಂಬರ್ 4

ಅಪ್ಪಾ,

ಬಿಡಲಿಲ್ಲ.

ಶನಿವಾರ ಪೋಷಕರ ದಿನ. ನಕ್ಷೆಯನ್ನು ಕರಿಹಲಗೆಯ ಮೇಲೆ ತೂಗುಹಾಕಿದೆವು. ಮೆಟ್ಟಿಲಿನ ಕಥೆ, ಪಾಚಿಯ ಕಥೆ ಮಕ್ಕಳು ಚೆನ್ನಾಗಿ ಹೇಳಿದರು, ಪೋಷಕರು ಚಪ್ಪಾಳೆ ತಟ್ಟಿದರು. ಕೊನೆಗೆ ಇರುವೆ ಎದ್ದಳು. ಬ್ಯಾಂಡೇಜಿನ ಕೈಯನ್ನೇ ಕೋಲು ಮಾಡಿಕೊಂಡು ಸಾಮಾನಿನ ಕೋಣೆಯನ್ನು ತೋರಿಸಿದಳು. "ಇಲ್ಲಿ ಹನ್ನೊಂದು. ಇವರ್ಯಾರೂ ಬಿದ್ದಿಲ್ಲ" ಅಂದಳು. ವೆಲ್ಡಿಂಗ್ ಕೆಲಸ ಮಾಡುವ ಅವಳ ಅಪ್ಪ ಹಿಂದೆ ನಿಂತಿದ್ದರು. ಚೀಟಿಗಳನ್ನು ಒಂದೊಂದಾಗಿ, ತುಟಿ ಅಲ್ಲಾಡಿಸಿಕೊಂಡು ಓದಲು ಶುರುಮಾಡಿದರು.

ಸೀಟಿ ಮೇಷ್ಟ್ರು ನುಗ್ಗಿ ಬಂದ. ನಕ್ಷೆಯನ್ನು ಎಳೆದು ಎರಡು ಹೋಳು ಮಾಡಿದ. ಇರುವೆಯ ಮುರಿದ ಕೈಯನ್ನೇ ಹಿಡಿದು ತಿರುಚಿದ. ಅವಳು ಕಿರುಚಿದಳು. ನಾನು ನಡುವೆ ನುಗ್ಗಿದಾಗ ಅವನು ಜನರ ಕಡೆ ತಿರುಗಿ ಕೂಗಿದ:

"ಇವಳಪ್ಪನ ಕೈಯಲ್ಲಿ ಏಟು ತಿಂದೇ ನಾವೆಲ್ಲ ಉದ್ಧಾರ ಆಗಿದ್ದು! ಇವಳನ್ನೇ ಕೇಳಿ. 'ಗಾಜು ಒಡೆಯಿತು, ಕರ್ತೃ ಯಾರು?' ಅಂದ್ರು ಮೇಷ್ಟ್ರು. 'ಗಾಜು ತಾನಾಗೇ ಒಡೆಯುತ್ತಾ ಸಾರ್, ಒಡೆದವರು ಯಾರು?' ಅಂದ್ಲು ಇವಳು. ಇಡೀ ಕ್ಲಾಸು ನಕ್ತು. ಕೊಟ್ರು ನೋಡಿ ಒಂದು, ಬೆಂಚಿನ ಕೆಳಗೆ ಹೋಗಿ ಬಿದ್ಲು. ಕಿವೀಲಿ ರಕ್ತ. ನಾನು ಎರಡನೇ ಬೆಂಚಲ್ಲಿದ್ದೆ, ಕಣ್ಣಾರೆ ನೋಡಿದ್ದೀನಿ. ಏನಾಯ್ತು ಈಗ? ಟೀಚರ್ ಆಗ್ಲಿಲ್ವಾ ಇವಳು?"

ಕೈಗೆ ಸಿಕ್ಕಿದ್ದು ಡಸ್ಟರ್. ಮರದ ಕಡೆಯಿಂದ ಹೊಡೆದೆ. ಮೊದಲ ಏಟಿಗೆ ಹುಬ್ಬು ಸೀಳಿತು. ಎರಡನೆಯದು ಹಲ್ಲಿಗೆ. ಮೂರನೆಯದಕ್ಕೆ ಅವನು ಆಗಲೇ ಕೆಳಗಿದ್ದ, ಆದರೂ ಹೊಡೆದೆ. ಹೊಡೆಯುವಾಗ ಹಿತವಾಗಿತ್ತು ಅಪ್ಪಾ. ಅದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ? ಅಷ್ಟರಲ್ಲಿ ಇರುವೆಯ ಅಪ್ಪ ಕುರ್ಚಿ ಎತ್ತಿದ್ದರು. ಯಾರೋ ಅವರನ್ನು ತಡೆದರು, ತಡೆದವರಿಗೆ ಇನ್ಯಾರೋ ಬಾರಿಸಿದರು. ಕಿಟಕಿಯ ಗಾಜು ಪುಡಿಪುಡಿ. ತಿರುಗಿ ನೋಡಿದರೆ ನನ್ನ ಮೂವತ್ತೊಂದು ಮಕ್ಕಳೂ ಬೆಂಚುಗಳ ಕೆಳಗಿದ್ದರು. ಅವರು ಹೆದರಿ ನೋಡುತ್ತಿದ್ದದ್ದು ನನ್ನನ್ನು.

ಸೋಮವಾರ ಇರುವೆ ಒಂದು ಚೀಟಿ ತಂದಳು. ಹರಿದ ನಕ್ಷೆಗೆ ಮಕ್ಕಳು ಅಂಟು ಹಚ್ಚಿ ಮತ್ತೆ ಜೋಡಿಸಿದ್ದರು. ಎಲ್ಲಿ: ನಾಲ್ಕನೇ ತರಗತಿ. ಯಾವಾಗ: ಶನಿವಾರ. ಏನಾಯಿತು: ಸೀಟಿ ಮೇಷ್ಟ್ರ ಹುಬ್ಬು ಒಡೆಯಿತು. ನಾಲ್ಕನೇ ಸಾಲು ಖಾಲಿ. "ಇದನ್ನ ನೀವೇ ತುಂಬಬೇಕು ಟೀಚರ್" ಅಂದಳು. "ನಾನು" ಎಂದು ಬರೆದುಕೊಟ್ಟೆ. ನನ್ನ ತರಗತಿಯ ಮೇಲೆ ಒಂದು ಕೆಂಪು ಚುಕ್ಕೆ ಬಂತು.

ಮಧ್ಯಾಹ್ನ ನನ್ನ ಅಮಾನತಿನ ಆದೇಶವೂ ಬಂತು. ಈ ತಿಂಗಳ ಇಪ್ಪತ್ತೊಂಬತ್ತಕ್ಕೆ ವಿಚಾರಣೆ. ಅಲ್ಲಿಯವರೆಗೆ ಅವನಿಗೂ ರಜೆ. ಹನ್ನೊಂದು ಮನೆಗಳಿಗೂ ಹೋಗಿ "ಮಗು ಬಿತ್ತು ಅಂದುಬಿಡಿ" ಎಂದು ಹೇಳುತ್ತಿದ್ದಾನೆ. ಎಂಟು ಮನೆಯವರು ಒಪ್ಪಿದ್ದಾರೆ. ಇರುವೆಯ ಅಮ್ಮನೂ ಹೆದರಿದ್ದಾರೆ. ಮಕ್ಕಳು ಮಾತು ಬದಲಿಸಿದರೆ ಅವನು ಅದೇ ಕೋಣೆಗೆ, ಅದೇ ಮಕ್ಕಳ ಬಳಿಗೆ ವಾಪಸು ಬರುತ್ತಾನೆ. ಹೊಡೆಯದೆ ವಿದ್ಯೆ ಬರುವುದಿಲ್ಲ ಎಂದು ನಿಮ್ಮಿಂದ ಕಾಗದ ತರಿಸಿ ಸಮಿತಿಯ ಮುಂದಿಡುತ್ತಾನಂತೆ.

ಅವನು ಆ ದಿನ ಹೇಳಿದ್ದು ನಿಜವೇ? ಹೌದು, ಅಲ್ಲ ಎಂದು ಮುಗಿಯುವ ಪ್ರಶ್ನೆ ಇದು. ತರಬೇತಿಯವರು ಒಪ್ಪುವುದಿಲ್ಲ. ನನಗೆ ಬೇರೆ ಪ್ರಶ್ನೆ ತೋಚುತ್ತಿಲ್ಲ.

ನಿಮ್ಮ ಮಗಳು


ಸೆಪ್ಟೆಂಬರ್ 20

ಪುಟ್ಟೀ,

ಅವನು ಕೇಳಿದ ಕಾಗದ ಕೊಡುವುದಿಲ್ಲ. ನಾನೇ ಒಂದು ಕಾಗದ ಬರೆದು ಸಮಿತಿಗೆ ತರುತ್ತಿದ್ದೇನೆ.

ಇಡೀ ವಾರ ಅಚ್ಚುಕೂಟದ ಮೇಜಿನ ಮುಂದೆ ಕೂತು ಬರೆದೆ. ಬೇರೆಯವರ ಕರಡು ಹಾಗೇ ಬಿದ್ದಿವೆ, ಮಾಲೀಕ ಗೊಣಗುತ್ತಿದ್ದಾನೆ. ಮೊದಲು "ಮಗಳು ಬಿದ್ದಳು" ಎಂದು ಬರೆದೆ. ಇಪ್ಪತ್ತಾರು ವರ್ಷದ ಅಭ್ಯಾಸ, ಕೈ ತಾನಾಗಿ ಬರೆಯಿತು. ಗೀಟು ಹೊಡೆದೆ. "ಮಗಳಿಗೆ ಏಟು ಬಿತ್ತು" ಎಂದು ಬರೆದೆ. ನಿನ್ನ ಆ ಪುಟ್ಟ ಹುಡುಗಿ ಬರೆದದ್ದು ಅವಳ ಬಾಯಲ್ಲಿ ಸರಿ, ಏಟು ತಿಂದವಳು ಅವಳು. ನನ್ನ ಬಾಯಲ್ಲಿ ತಪ್ಪು. ಏಟು ಆಕಾಶದಿಂದ ಉದುರಿದಂತಾಗುತ್ತದೆ. ಅದಕ್ಕೂ ಗೀಟು. "ಹೊಡೆಯಲಾಯಿತು" ಎಂದು ಬರೆದೆ. ಅದು ಆಫೀಸಿನ ಭಾಷೆ, ಅಡಗಿ ಕೂರಲು ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಮೂವತ್ತೈದು ವರ್ಷ ಮಕ್ಕಳನ್ನು ಕೇಳಿದ್ದನ್ನು ನನ್ನನ್ನೇ ಕೇಳಿಕೊಂಡೆ. ಉತ್ತರ ಹೇಳದೆ ಕೂತಿದ್ದೆ. ನನ್ನ ಕೆನ್ನೆಗೆ ಹೊಡೆಯುವವರು ಯಾರೂ ಇರಲಿಲ್ಲ.

ಹೊಡೆದೆ, ಪುಟ್ಟೀ. ನಾನು ಹೊಡೆದೆ. ನಿನ್ನ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ, ಅದಕ್ಕೆ ಹೊಡೆದೆ. ಕಟ್ಟೆಯ ಕಥೆ ಕಟ್ಟಿದವನೂ ನಾನು. ನಿನ್ನ ಅಮ್ಮ ಬೇಡವೆಂದು ಅತ್ತಳು, ಅವಳ ಬಾಯಿ ಮುಚ್ಚಿಸಿದೆ. ಎರಡನೇ ಬೆಂಚಿನಲ್ಲಿ ಕೂತವನು ಅಂದು ನನ್ನಿಂದ ಏನು ಕಲಿತ ಎಂಬುದನ್ನು ನಿನ್ನ ಹನ್ನೊಂದು ಚುಕ್ಕೆ ಹೇಳುತ್ತಿವೆ.

ಇಪ್ಪತ್ತೊಂಬತ್ತಕ್ಕೆ ಬರುತ್ತೇನೆ. ನಿನ್ನ ಮನೆಗಲ್ಲ, ನೇರ ಅಲ್ಲಿಗೇ.

ಅಪ್ಪ


ಅಕ್ಟೋಬರ್ 3

ಅಪ್ಪಾ,

ವಿಚಾರಣೆ ಮುಗಿದ ಮೇಲೆ ನಿಮ್ಮನ್ನು ಮಾತಾಡಿಸದೆ ಹೊರಟುಬಿಟ್ಟೆ. ನೀವು ಬಾಗಿಲಲ್ಲಿ ಛತ್ರಿ ಹಿಡಿದು ನಿಂತಿದ್ದನ್ನು ನೋಡಿದೆ. ಇವತ್ತಿಗೂ ನಿಮ್ಮ ಮೇಲೆ ಉರಿಯುವಷ್ಟು ಸಿಟ್ಟಿದೆ, ಅದನ್ನು ಮುಚ್ಚಿಟ್ಟು ಬರೆಯಲಾರೆ.

ಅಲ್ಲಿ ನಡೆದದ್ದು ನಿಮಗೆ ಗೊತ್ತು. ನಾನು ಕೂತ ಕಡೆಯಿಂದ ಹೇಗಿತ್ತೆಂದು ಹೇಳುತ್ತೇನೆ.

ಉದ್ದ ಮೇಜು, ಮೂವರು ಅಧಿಕಾರಿಗಳು, ತಲೆ ಮೇಲೆ ಗರಗರ ಸದ್ದಿನ ಫ್ಯಾನು. ನಿಮ್ಮನ್ನು ನನ್ನ ಎಡಗಡೆ ನಿಲ್ಲಿಸಿದರು. ನೀವು ಕಾಗದ ಬಿಚ್ಚಿದಿರಿ, ತುಟಿ ಅಲ್ಲಾಡಿತು. ನನಗೆ ಫ್ಯಾನು ಬಿಟ್ಟರೆ ಏನೂ ಕೇಳಿಸಲಿಲ್ಲ. ಒಂದು ಕಡೆ ಇಡೀ ಕೋಣೆ ತಟ್ಟನೆ ನನ್ನತ್ತ ತಿರುಗಿತು. "ಹೊಡೆದೆ" ಎಂಬ ಪದ ಬಂತೆಂದು ಅದರಿಂದ ತಿಳಿಯಿತು. ಅಲ್ಲೂ ನಿಮ್ಮನ್ನು "ಇನ್ನೊಂದು ಸಲ" ಎಂದು ಕೇಳುವ ಧೈರ್ಯ ಬರಲಿಲ್ಲ.

ಆಗ ಇರುವೆ ಎದ್ದಳು. ಅವಳ ಅಮ್ಮ ಲಂಗ ಹಿಡಿದು ಎಳೆದರೂ ಕೂರಲಿಲ್ಲ.

"ಅಜ್ಜಾ, ಟೀಚರ್‌ಗೆ ಆ ಕಡೆ ಕೇಳ್ಸಲ್ಲ. ಈ ಕಡೆ ಬಂದು ಓದಿ."

ನೀವು ಮೇಜು ಸುತ್ತಿಕೊಂಡು ಬಂದಿರಿ. ಅಷ್ಟು ದೂರ ನಡೆಯಲು ಅಷ್ಟು ಹೊತ್ತು ಬೇಕಾಗುವ ವಯಸ್ಸು ನಿಮಗಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಬಲಗಡೆ ನಿಂತು ಮೊದಲಿನಿಂದ ಮತ್ತೆ ಓದಿದಿರಿ. "ನಾನು ಹೊಡೆದೆ" ಎಂಬಲ್ಲಿ ನಿಮ್ಮ ಧ್ವನಿ ಒಡೆಯಿತು, ಮತ್ತೆ ಸರಿಮಾಡಿಕೊಂಡು ಅದೇ ವಾಕ್ಯ ಓದಿದಿರಿ. ಎಲ್ಲವೂ ಕೇಳಿಸಿತು.

ಆಮೇಲೆ ಅಧಿಕಾರಿ ಇರುವೆಯನ್ನು ಕೇಳಿದರು, "ನೀನು ಬಿದ್ದೆಯಾ ಮಗು?" ಅಂತ. "ನಾನು ಬಿದ್ದಿಲ್ಲ. ನನಗೆ ಬಿದ್ದಿದ್ದೂ ಅಲ್ಲ. ಅವರು ಹೊಡೆದ್ರು" ಅಂದಳು. ಬೆರಳು ಮಾಡಿ ತೋರಿಸಿದಳು. ಹಿಂದಿನ ಸಾಲಿನಿಂದ ಇನ್ನೊಂದು ಮಗು ಎದ್ದಿತು, ಆಮೇಲೆ ಮತ್ತೊಂದು. ಬಾಯಿ ಮುಚ್ಚಿಕೊಂಡಿರುವುದಾಗಿ ಒಪ್ಪಿದ್ದ ಎಂಟರಲ್ಲಿ ಏಳು ಮಕ್ಕಳು ಮಾತಾಡಿದವು. ಅವನು ಇನ್ನು ಯಾವ ಶಾಲೆಯ ಒಳಗೂ ಕಾಲಿಡುವಂತಿಲ್ಲ, ಮೊನ್ನೆ ಆದೇಶವಾಗಿದೆ, ಪೊಲೀಸರಿಗೂ ದೂರು ಹೋಗಿದೆ. ನನ್ನ ಅಮಾನತು ಇನ್ನೂ ಮೂರು ತಿಂಗಳು. ಮೂರು ಏಟಿಗೆ ಮೂರು ತಿಂಗಳು, ಸರಿಯಾಗಿದೆ.

ನಿಮ್ಮನ್ನು ಕ್ಷಮಿಸಿದ್ದೇನೆಂದು ತಿಳಿಯಬೇಡಿ. ನನಗೆ ಇನ್ನೂ ಎಷ್ಟೋ ಕೇಳುವುದಿದೆ. ಆ ದಿನ ನನ್ನನ್ನು ಬೆಂಚಿನ ಕೆಳಗಿನಿಂದ ಎತ್ತಿದವರು ಯಾರು? ಅಮ್ಮ ಏನೆಂದು ಅತ್ತಳು? ಆ ಗಾಜು ಒಡೆದವರು ಯಾರು?

ಈ ಪತ್ರದಲ್ಲಿ ಬೇಕಾದಷ್ಟು ತಪ್ಪಿರಬಹುದು. ಈ ಸಲ ತಿದ್ದಿ ವಾಪಸು ಕಳಿಸಬೇಡಿ. ಉತ್ತರ ಬರೆಯಿರಿ.

ನಿಮ್ಮ ಪುಟ್ಟಿ